ಅಂದು ಊದಿದ ಸೀಟಿ

ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕಾಶಿರಾಯ ಹಿಡಿದಿದ್ದ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಹಗ್ಗ ಒಮ್ಮೆ ಬಿಗಿಯಾಗುತ್ತಿತ್ತು, ಒಮ್ಮೆ ಸಡಿಲವಾಗುತ್ತಿತ್ತು. ಆ ಕಡೆಯಿಂದ ಕ್ರೀಡಾಂಗಣದ ಜವಾನ ಮೈಬೂಬನ ಕೆಮ್ಮು ಮಾತ್ರ ಕೇಳಿಬರುತ್ತಿತ್ತು. ಪುಷ್ಯ ಮಾಸದ ಚಳಿ. ಕಲಬುರಗಿಯ ಜಿಲ್ಲಾ ಕ್ರೀಡಾಂಗಣದ ಕೆಮ್ಮಣ್ಣು ರಾತ್ರಿಯ ಇಬ್ಬನಿಗೆ ಒದ್ದೆಯಾಗಿ, ಮೈಬೂಬ ಸುರಿಯುತ್ತಿದ್ದ ಸುಣ್ಣ ಬಿದ್ದಲ್ಲೇ ಅಂಟಿಕೊಳ್ಳುತ್ತಿತ್ತು.

“ಜರಾ ಎಳೀರಿ ಸಾಹೇಬ್ರ,” ಎಂದ ಮೈಬೂಬ ಮಂಜಿನೊಳಗಿಂದ. “ಗೆರಿ ಸೊಟ್ಟ ಆದ್ರ ಸೂರ್ಯಕಾಂತ ಸರ್ ಎದ್ದು ಕುಂತು ಬೈತಾರ.”

ಕಾಶಿರಾಯ ನಗಲಿಲ್ಲ. ತಾಲೂಕು ದೈಹಿಕ ಶಿಕ್ಷಣಾಧಿಕಾರಿಯಾಗಿ ನಿವೃತ್ತನಾದವನು ಅವನು. ನೌಕರಿಯಲ್ಲಿದ್ದಷ್ಟು ದಿನ ಹಗ್ಗ ಹಿಡಿಯಲು ಬೇರೆಯವರಿದ್ದರು. ಈಗ ಅರವತ್ತಾರನೇ ವಯಸ್ಸಿನಲ್ಲಿ, ಇಸ್ತ್ರಿ ಮಾಡಿದ ಬ್ಲೇಜರ್ ತೊಟ್ಟು, ಕಮಲಾಪುರದ ಒಬ್ಬ ಪಿ.ಟಿ. ಮಾಸ್ತರನ ಹೆಣಕ್ಕಾಗಿ ಹಗ್ಗ ಹಿಡಿದು ನಿಂತಿದ್ದ. ಹಾಗೆ ಅಂದುಕೊಂಡ ಕೂಡಲೇ ಮನಸ್ಸು ಅಳುಕಿತು. ಹೋದವನು ಬರೀ ಮಾಸ್ತರನಾಗಿರಲಿಲ್ಲ, ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ತಾಟಿನಲ್ಲಿ ಉಂಡ ಗೆಳೆಯನಾಗಿದ್ದ.

ಒಂಬತ್ತಕ್ಕೆ ಆಸ್ಪತ್ರೆಯಿಂದ ಶವ ಬರುವುದಿತ್ತು. ಇಲ್ಲಿ ಒಂದು ತಾಸು ದರ್ಶನ, ಆಮೇಲೆ ಮಣ್ಣಿಗೆ ಕಮಲಾಪುರ. ಬರೀ ಹಾರ ಹಾಕಿ ಕಳಿಸುವುದು ಬೇಡವೆಂದು ಹಳೆಯ ಶಿಷ್ಯರು ರಾತ್ರಿಯೇ ಮಾತಾಡಿಕೊಂಡಿದ್ದರು. ಖೋಖೋ ಅಂಕಣ ಹಾಕುವುದು. ಎರಡು ಕಂಬಗಳ ನಡುವಿನ ಒಂದಡಿ ಅಗಲದ ನಡುಪಟ್ಟಿಯಲ್ಲಿ ಎಂಟು ಚೌಕ, ಎಂಟು ಚೌಕಗಳಲ್ಲಿ ಎಂಟು ಮಂದಿ ಹಳೆಯ ಆಟಗಾರರು. ಸರ್‌ನನ್ನು ಒಂದು ಕಂಬದ ಬುಡದಲ್ಲಿ ಮಲಗಿಸುವುದು. ಆಟದಲ್ಲಿ ಬೆನ್ನು ಮುಟ್ಟಿ ‘ಖೋ’ ಎನ್ನುವ ತನಕ ಕೂತವರು ಏಳುವಂತಿಲ್ಲವಲ್ಲ, ಹಾಗೆಯೇ ಒಬ್ಬೊಬ್ಬರಾಗಿ ಖೋ ಪಡೆದು ಎದ್ದು ಬಂದು ಸರ್‌ನನ್ನು ಎತ್ತುವುದು. ಸೀಟಿ ಊದುವುದು ಕಾಶಿರಾಯ ಸರ್.

ಇಂಥದ್ದೊಂದು ಯೋಚನೆ ಯಾರ ತಲೆಗೆ ಬಂದಿರಬಹುದು ಎಂದು ಕಾಶಿರಾಯ ರಾತ್ರಿಯೆಲ್ಲ ಹೊರಳಾಡಿದ್ದ. ತನಗಾಗಿ ಯಾರೂ ಹೀಗೆ ಯೋಚಿಸಲಾರರು. ಅವನ ನಿವೃತ್ತಿಯ ದಿನ ಕಚೇರಿಯಲ್ಲಿ ಹನ್ನೆರಡು ಕುರ್ಚಿ ಹಾಕಿದ್ದರು. ಐದು ಖಾಲಿ ಉಳಿದಿದ್ದವು.

ಮಂಜು ಕರಗಿದಂತೆ ಜನ ಕಾಣತೊಡಗಿದರು. ನೆಹರು ಗಂಜಿನ ಹಮಾಲರು ತಲೆಗೆ ಟವೆಲು ಸುತ್ತಿಕೊಂಡೇ ಬಂದಿದ್ದರು. ಸಮವಸ್ತ್ರದ ಒಬ್ಬಳು ಪೊಲೀಸ್ ಹೆಣ್ಣುಮಗಳು, ಒಬ್ಬ ಬಸ್ ಕಂಡಕ್ಟರ್, ಕಂಕುಳಲ್ಲಿ ಕೂಸು ಹಿಡಿದ ತಾಯಂದಿರು. ಗೇಟಿನ ಹೊರಗೆ ಆಟೋಗಳ ಸಾಲು. ಕಾಶಿರಾಯ ಎಣಿಸಬಾರದೆಂದುಕೊಂಡೇ ಎಣಿಸಿದ. ನಾಲ್ಕು ನೂರು ದಾಟಿದ ಮೇಲೆ ಬಿಟ್ಟುಬಿಟ್ಟ.

“ಇನ್ನಾ ಹುಮನಾಬಾದ್ ಕಡಿಂದ ಎರಡು ಟೆಂಪೋ ಬರೂವದಾವ್ರಿ,” ಎಂದ ಮೈಬೂಬ, ಗಾಯಕ್ಕೆ ಉಪ್ಪು ಸವರುವುದು ತಿಳಿಯದೆ.

*

ಆಟದಲ್ಲಿ ಕಾಶಿರಾಯನೇ ಮೇಲಾಗಿದ್ದ. ಕಂಬದ ಹತ್ತಿರ ಗಾಳಿಯಲ್ಲಿ ಚಾಚಿಕೊಂಡು ಎದುರಾಳಿಯನ್ನು ಮುಟ್ಟುವ ಅವನ ವರಸೆಯನ್ನು ನೋಡಲೆಂದೇ ಕಾಲೇಜಿನ ಹುಡುಗರು ಸೇರುತ್ತಿದ್ದರು. ಸೂರ್ಯಕಾಂತ ಸಾಧಾರಣ ಆಟಗಾರ. ಓಡುವಾಗ ಮೊಣಕಾಲು ಒಳಗೆ ಬಾಗುತ್ತಿತ್ತು. “ನೀ ಆಡು ಕಾಶಿ, ನಾ ನೋಡ್ತೀನಿ,” ಎನ್ನುತ್ತಿದ್ದ.

ನೋಡುವುದರಲ್ಲೇ ಅವನು ಬದುಕು ಕಳೆದ. ಕಮಲಾಪುರದ ಸರಕಾರಿ ಶಾಲೆಗೆ ಹೋದವನು ಮೂವತ್ತನಾಲ್ಕು ವರ್ಷ ಅಲ್ಲಿಂದ ಕದಲಲಿಲ್ಲ. ಎರಡು ಸಲ ಬಡ್ತಿ ಬಂದರೂ ಬೇಡವೆಂದು ಬರೆದುಕೊಟ್ಟ. ಕೂಲಿಯವರ ಮಕ್ಕಳನ್ನು, ಬಾಳೆತೋಟದವರ ಮಕ್ಕಳನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಓಡಿಸಿದ. ಹೆಣ್ಣುಮಕ್ಕಳನ್ನು ಕಳಿಸದ ಮನೆಗಳ ಕಟ್ಟೆಯ ಮೇಲೆ ಸುಮ್ಮನೆ ಹೋಗಿ ಕೂತ, ಬೇಸತ್ತು ಕಳಿಸಿದರು. ಕಾಶಿರಾಯ ಬಡ್ತಿ ಪಡೆದ, ನಗರದಲ್ಲಿ ಮನೆ ಕಟ್ಟಿಸಿದ, ಪಂದ್ಯಾವಳಿಗಳ ವೇದಿಕೆಯಲ್ಲಿ ಕೂತ. ಪ್ರತಿ ವೇದಿಕೆಯಲ್ಲೂ ಯಾರಾದರೊಬ್ಬರು ಅವನ ಕಡೆ ಬಾಗಿ ಕೇಳುತ್ತಿದ್ದರು: ಕಮಲಾಪುರದ ಸೂರ್ಯಕಾಂತ ಸರ್ ನಿಮ್ಮ ದೋಸ್ತರಂತಲ್ರಿ?

ಇಪ್ಪತ್ತಾರು ವರ್ಷಗಳ ಹಿಂದಿನ ವಿಭಾಗ ಮಟ್ಟದ ಅಂತಿಮ ಪಂದ್ಯದ ದಿನವೂ ಅದೇ ಆಯಿತು. ನಡೆದದ್ದು ಇದೇ ಕ್ರೀಡಾಂಗಣದಲ್ಲಿ. ಕಮಲಾಪುರದ ಹುಡುಗಿಯರಿಗೂ ಬಳ್ಳಾರಿ ಕಡೆಯ ಒಂದು ಶಾಲೆಗೂ ಪಂದ್ಯ. ನೇಮಕವಾಗಿದ್ದ ಅಂಪೈರ್ ಜ್ವರ ಬಂದು ಮಲಗಿದ್ದ. ಕಾಶಿರಾಯ ಸೀಟಿ ಹಿಡಿಯಲಿ ಎಂದರು. ಬಳ್ಳಾರಿಯವರು ಇವರಿಬ್ಬರೂ ಗೆಳೆಯರೆಂದು ಗೊಣಗಿದಾಗ ಸೂರ್ಯಕಾಂತನೇ ಮುಂದೆ ಬಂದು ಅವರನ್ನು ಒಪ್ಪಿಸಿದ್ದ. “ಕಾಶಿ ತಮ್ಮ ಮನಿಯವ್ರು ಆಡಿದ್ರೂ ಫೌಲಿಗೆ ಫೌಲೇ ಅಂತಾನ್ರಿ.”

ಕೊನೆಯ ಗಳಿಗೆ. ಅಂಕಗಳು ಸಮ. ಎದುರಾಳಿಯ ಕೊನೆಯವಳೊಬ್ಬಳನ್ನು ಗೌತಮಿ ಎಂಬ ಹದಿನೈದರ ಹುಡುಗಿ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಮುಟ್ಟಿದರೆ ಗೆಲುವು, ಗೆದ್ದರೆ ರಾಜ್ಯ ಮಟ್ಟ. ಆಗ ವೇದಿಕೆಯ ಮೇಲಿನ ಮುಖ್ಯ ಅತಿಥಿ ಎದ್ದು ನಿಂತು, “ಯಾರು ಇವರಿಗೆ ಕಲಿಸಿದವರು?” ಎಂದದ್ದು ಕಾಶಿರಾಯನ ಕಿವಿಗೆ ಬಿತ್ತು. ಇಡೀ ಗ್ಯಾಲರಿ ಒಂದೇ ಹೆಸರು ಕೂಗಿತು. ಗೌತಮಿ ಕಂಬದ ಬಳಿ ಗಾಳಿಯಲ್ಲಿ ಚಾಚಿಕೊಂಡಳು. ಅದು ಕಾಶಿರಾಯನದೇ ವರಸೆ. ನೋಡಿ ನೋಡಿ ಕಲಿತು, ಸೂರ್ಯಕಾಂತ ಅವಳಿಗೆ ಕಲಿಸಿಕೊಟ್ಟಿದ್ದ. ಬೆರಳು ಎದುರಾಳಿಯ ಭುಜ ಮುಟ್ಟಿತು.

ಊದಬೇಕೆಂದು ಅವನು ಅಂದುಕೊಂಡಿರಲಿಲ್ಲ. ಸೀಟಿ ಬಾಯಲ್ಲಿತ್ತು, ಉಸಿರು ಹೋಗಿಬಿಟ್ಟಿತು. ಅಟ್ಟಿಸುವವಳ ಕಾಲು ನಡುಪಟ್ಟಿ ತುಳಿದರೆ ಫೌಲು; ಫೌಲಿನಲ್ಲಿ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಅವನು ಪಟ್ಟಿಯ ಕಡೆ ಕೈ ತೋರಿಸಿದ. ಹೆಚ್ಚಿನ ಸರದಿ ಆಡಿಸಿದರು. ಹುಡುಗಿಯರ ಕಾಲು ಏಳಲಿಲ್ಲ. ಸೋತರು.

ಆ ದಿನದಿಂದ ಕಾಶಿರಾಯ ಪ್ರತಿ ಸೋಮವಾರ ಶರಣಬಸವೇಶ್ವರನ ಗುಡಿಯ ಹೊಸ್ತಿಲಿಗೆ ಹಣೆ ಹಚ್ಚುತ್ತ ಬಂದ. ಆ ದೇವರ ಎದುರು ಎಲ್ಲವನ್ನೂ ಹೇಳಿಕೊಂಡ, ಅದೊಂದನ್ನು ಬಿಟ್ಟು.

*

ಒಂಬತ್ತೂವರೆಗೆ ಗಾಡಿ ಬಂತು. ಬಿಳಿ ಬಟ್ಟೆಯಲ್ಲಿ ಸೂರ್ಯಕಾಂತ ಇನ್ನೂ ಚಿಕ್ಕವನಾಗಿ ಕಂಡ. ಹೆಂಡತಿ ರಮಾಬಾಯಿ ಬಿಳಿ ಸೀರೆಯುಟ್ಟು ತಲೆದೆಸೆಯಲ್ಲಿ ಕೂತಳು. ಬೌದ್ಧ ಭಿಕ್ಷು ಭಂತೇಜಿ ತ್ರಿಶರಣ ಹೇಳಿಕೊಟ್ಟರು, ಜನ ಗುನುಗಿದರು, ಮೇಣದ ಬತ್ತಿಗಳು ಇಬ್ಬನಿಯ ಗಾಳಿಗೆ ಆರಿದಂತೆಲ್ಲ ಯಾರೋ ಮತ್ತೆ ಹೊತ್ತಿಸುತ್ತಿದ್ದರು.

ಎರಡು ಮಾತಾಡಿ ಎಂದು ಕಾಶಿರಾಯನಿಗೆ ಮೈಕು ಕೊಟ್ಟರು. ಗೆಳೆಯನ ಸರಳತೆ, ನಿಷ್ಠೆ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಮಾತು ಅದು ಹೇಗೋ ತನ್ನ ಕಡೆಗೇ ಹೊರಳಿತು. ತಾನು ಅಧಿಕಾರಿಯಾಗಿದ್ದಾಗ ಎಷ್ಟು ಪಂದ್ಯಾವಳಿ ನಡೆಸಿದೆ, ಈ ಗ್ಯಾಲರಿಗೆ ತಗಡು ಹೊದಿಸಿದ್ದು ಯಾರ ಕಾಲದಲ್ಲಿ ಎಂದೆಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವಳಿಗೆ, ಸತ್ತವ್ರು ಯಾರು ಅಂತ ಕೇಳವ್ವಾ ಅಂದದ್ದು ಅವನಿಗೂ ಕೇಳಿಸಿತು. ಮಾತು ನಿಲ್ಲಿಸಿದ.

ವಿಶ್ವಾಸ ಚೀಟಿ ಹಿಡಿದು ಹೆಸರು ಕೂಗಿದ. ಅವನು ಸರ್‌ನ ಮೊದಲ ತಂಡದ ಹುಡುಗ, ಈಗ ತಲೆ ನರೆತ ಬ್ಯಾಂಕ್ ನೌಕರ. ಏಳು ಮಂದಿ ಬಂದು ಒಂದು ಮುಖ ಈ ಕಡೆ, ಒಂದು ಮುಖ ಆ ಕಡೆ, ಚೌಕಗಳಲ್ಲಿ ಕೂತರು. ದಪ್ಪಗಾದವರು ಮೊಣಕಾಲು ಮಡಿಸಲು ಪಟ್ಟ ಪಾಡಿಗೆ ಅಳುವಿನ ನಡುವೆಯೂ ನಗು ಹಬ್ಬಿತು. ಎಂಟನೆಯ ಹೆಸರು ಗೌತಮಿ.

ಅವಳು ಗೋಡೆಯ ಹತ್ತಿರ ಹೆಂಗಸರ ಹಿಂದೆ ನಿಂತಿದ್ದಳು. ಕಮಲಾಪುರದಲ್ಲಿ ಗಂಡನ ಜೊತೆ ಕೆಂಪು ಬಾಳೆಯ ತೋಟ ನೋಡಿಕೊಳ್ಳುವವಳು. ಬೆರಳ ಸಂದುಗಳಲ್ಲಿ ಬಾಳೆಯ ಕರೆ. ಬರಲಿಲ್ಲ. ವಿಶ್ವಾಸ ತಾನೇ ಹೋಗಿ ಕರೆದ.

“ನಾ ಕುಂದ್ರಂಗಿಲ್ಲಣ್ಣ,” ಎಂದಳು ಮೆಲ್ಲಗೆ. “ಸರ್‌ನ ಆಟ ಕೆಡಿಸಿದಾಕಿ ನಾ. ಆ ಪಟ್ಟ್ಯಾಗ ಹ್ಯಾಂಗ ಕುಂದ್ರಲಿ?”

ಕಾಶಿರಾಯ ಎರಡು ಮಾರು ದೂರದಲ್ಲಿದ್ದ. ಎಲ್ಲವೂ ಕೇಳಿಸಿತು. ಈಗ ಹೇಳಬಹುದಿತ್ತು. ನಾನೂರು ಮಂದಿಯ ಎದುರು ಮೈಕು ಇನ್ನೂ ಕೈಯಲ್ಲೇ ಇತ್ತು. ಅವನು ಅದನ್ನು ಇನ್ನೊಬ್ಬರಿಗೆ ದಾಟಿಸಿ, ಸೀಟಿಯನ್ನು ತುಟಿಗಿಟ್ಟ.

ಸೀಟಿ ಕೂಗಿತು. ಖೋ ಎಂಬ ದನಿ ಬೆನ್ನಿಂದ ಬೆನ್ನಿಗೆ ಹೋಯಿತು. ಒಬ್ಬೊಬ್ಬರೇ ಎದ್ದು ಓಡಿದರು. ಏಳನೆಯವಳು ಮುಂದಿನ ಬೆನ್ನು ಮುಟ್ಟಲು ಕೈ ಚಾಚಿದಳು. ಅಲ್ಲಿ ಬರೀ ಸುಣ್ಣದ ಚೌಕವಿತ್ತು. ಆ ಕೈ ಅರೆಗಳಿಗೆ ಗಾಳಿಯಲ್ಲೇ ನಿಂತಿತು.

*

ಕಮಲಾಪುರದ ದಾರಿಯಲ್ಲಿ ಅವನು ಗಾಡಿಯೊಳಗೆ ಶವದ ಪಕ್ಕ, ರಮಾಬಾಯಿಯ ಎದುರು ಕೂತಿದ್ದ. ಎರಡೂ ಬದಿ ತೊಗರಿಯ ಹೊಲಗಳು ಬಿಸಿಲಿಗೆ ಒಣಗುತ್ತಿದ್ದವು. ರಸ್ತೆಯ ಮೇಲೆ ನಿಂತ ಮಂದಿ ಗಾಡಿ ಕಂಡು ಕೈ ಮುಗಿಯುತ್ತಿದ್ದರು. ಒಂದೊಂದು ಕೈ ಮುಗಿದಾಗಲೂ ಅವನ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಸತ್ತವನ ಮೇಲೂ ಹೊಟ್ಟೆಕಿಚ್ಚೇ ಎಂದು ತನಗೆ ತಾನೇ ಹೇಸಿಕೊಂಡ.

“ಗೌತಮಿ ಕುಂದ್ರಬೇಕಿತ್ತು ಅಣ್ಣಾರ,” ಎಂದಳು ರಮಾಬಾಯಿ.

ಅವನು ಹೂಂ ಅಂದ.

ಪಂದ್ಯ ಸೋತು ಬಂದ ರಾತ್ರಿ ನಡೆದದ್ದನ್ನು ರಮಾಬಾಯಿ ಹೇಳತೊಡಗಿದಳು. ತಾನು ಪಟ್ಟಿ ತುಳಿದಿಲ್ಲ, ಖರೇನೂ ತುಳಿದಿಲ್ಲ ಎಂದು ಹುಡುಗಿ ಅವರ ಅಂಗಳದಲ್ಲಿ ಕೂತು ಅತ್ತಿದ್ದಳಂತೆ. ಸೂರ್ಯಕಾಂತ ಬೈಯಲಿಲ್ಲ. ತಲೆ ಸವರಿ ಹೇಳಿದನಂತೆ.

“ಏನಂದ?” ಎಂದು ಕೇಳಿದ ಕಾಶಿರಾಯ.

“‘ಬ್ಯಾರೆ ಯಾರರ ಊದಿದ್ರ ನಾ ಜಗಳಾ ತಗೀತಿದ್ದೆ ತಂಗಿ. ಊದಿದವ ಕಾಶಿ. ಅವಾ ಸುಳ್ಳು ಊದಂಗಿಲ್ಲ. ನಿನ್ನ ಕಾಲು ನಿನಗ ಗೊತ್ತಾಗಿರ್ಲಿಕ್ಕಿಲ್ಲ. ಕಲಿಸಿದ್ದು ನಾನು, ತಪ್ಪು ನಂದು’ ಅಂದ್ರು.” ರಮಾಬಾಯಿ ಗಂಡನ ಹಣೆಯ ಮೇಲಿನ ಹೂವು ಸರಿಸಿದಳು. “ಆಕಿ ಅಳೂದು ಅಲ್ಲಿಗೇ ನಿಲ್ಲಿಸಿದ್ಲು. ನಂಬಿಬಿಟ್ಲು. ರಾಜ್ಯಕ್ಕ ಹೋಗ್ಲಿಲ್ಲಂತ ಅವರಪ್ಪ ಸಾಲಿ ಬಿಡಿಸಿದ.”

ಊರೆಲ್ಲ ಹೊಗಳಿದ ಮನುಷ್ಯ ತನ್ನ ಮನೆಯ ಅಂಗಳದಲ್ಲಿ ಕೂತು ಹೊಗಳುತ್ತಿದ್ದದ್ದು ಯಾರನ್ನು ಎಂಬುದು ಕಾಶಿರಾಯನಿಗೆ ಇವತ್ತಿನ ತನಕ ಗೊತ್ತಿರಲಿಲ್ಲ.

*

ಕಮಲಾಪುರದಲ್ಲಿ ಶವವನ್ನು ಚಟ್ಟಕ್ಕೆ ಇಳಿಸಿದಾಗ ಮುಂದಿನ ಎಡ ಹೆಗಲು ತನಗೇ ಬೇಕೆಂದು ಕಾಶಿರಾಯ ಹಟ ಹಿಡಿದ. ಹಳೆಯ ಗೆಳೆಯನೆಂದು ಬಿಟ್ಟುಕೊಟ್ಟರು. ಅವನ ಎತ್ತರಕ್ಕೆ ಚಟ್ಟ ಒಂದು ಮಗ್ಗುಲಿಗೆ ವಾಲುತ್ತಿತ್ತು. ಹಿಂದಿನವರು ಗುನುಗುವ ತ್ರಿಶರಣದ ಜೊತೆ ಹೆಜ್ಜೆ ಕೂಡಿಸಲು ನೋಡಿದ; ಕೂಡಲಿಲ್ಲ.

ಸ್ಮಶಾನಕ್ಕೆ ಮೊದಲು ಒಂದು ಕಡೆ ಚಟ್ಟ ಇಳಿಸಿ, ಹೊತ್ತವರು ಹೆಗಲು ಬದಲಿಸುವುದು ಅಲ್ಲಿಯ ಪದ್ಧತಿ. ಶಾಲೆಯ ಗೇಟಿನೆದುರು ಇಳಿಸಿದರು. ಯಾರೋ ನೀರು ಕೊಟ್ಟರು. ಕಾಶಿರಾಯ ಕುಡಿಯಲಿಲ್ಲ. ಗುಂಪು ಸೀಳಿಕೊಂಡು ಹಿಂದಕ್ಕೆ, ಹೆಂಗಸರ ಸಾಲಿನ ತುದಿಗೆ ನಡೆದ.

“ಗೌತಮಿ.”

ಅವಳು ಸೆರಗು ಎಳೆದುಕೊಂಡಳು. “ಏನ್ರಿ ಸರ್?”

“ಅವತ್ತು ನಿನ್ನ ಕಾಲು ಪಟ್ಟ್ಯಾಗ ಇರ್ಲಿಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಅವನ ಮುಖವನ್ನೇ ನೋಡಿದಳು.

“ನಾಕ ಬೆರಳು ಈಚೀಗಿತ್ತು. ನಾ ನೋಡಿದ್ದೆ. ನೋಡಿನೂ ಊದಿದೆ.”

ಮುಂದೆ ಯಾರೋ ಹೂವು ಚೆಲ್ಲುತ್ತಿದ್ದರು. ಗೌತಮಿ ಕೇಳಿದ್ದು ಒಂದೇ: “ಯಾಕ್ರಿ?”

ಇಪ್ಪತ್ತಾರು ವರ್ಷದಲ್ಲಿ ಅವನು ಹೊಂದಿಸಿಟ್ಟುಕೊಂಡ ಉತ್ತರಗಳು ಬಹಳ ಇದ್ದವು. ಬೆಳಕು ಕಡಿಮೆಯಿತ್ತು, ಗದ್ದಲವಿತ್ತು, ಕಣ್ಣು ತಪ್ಪಿತು.

“ಸೂರ್ಯಾ ಗೆಲ್ತಾನಂತ,” ಎಂದ.

ಅವಳು ಬೈದರೆ ಕೇಳಿಸಿಕೊಳ್ಳುವುದಕ್ಕೆ ಅವನು ತಲೆ ತಗ್ಗಿಸಿದ್ದ.

“ಸರ್‌ಗ ಗೊತ್ತಿತ್ತೇನ್ರಿ?”

“ಇಲ್ಲ. ಅವಾ ನನ್ನ ನಂಬಿದ್ದ.”

“ನಾನೂ ನಂಬಿದ್ದೆ,” ಎಂದಳು. “ನಮ್ಮಪ್ಪ ಸಾಯೋತನಾ ಕೇಳ್ತಿದ್ದ, ಒಂದಡಿ ಪಟ್ಟಿ ಕಾಣ್ಲಿಲ್ಲೇನು ನಿನಗಂತ. ಕಾಣ್ಲಿಲ್ಲಪ್ಪ ಅಂತಿದ್ದೆ.”

ಮುಂದಿನಿಂದ ವಿಶ್ವಾಸ ಕೂಗಿದ, ಎತ್ತೋಣ ಬರ್ರಿ ಎಂದು.

“ಮುಂದಿನ ಹೆಗಲು ಖಾಲಿ ಅದ,” ಎಂದ ಕಾಶಿರಾಯ. “ಹೋಗು ತಂಗಿ. ವಿಶ್ವಾಸಗ, ಎಲ್ಲಾರ್ಗೂ ನಾನೇ ಹೇಳ್ತೀನಿ. ಮೊದಲ ನಿನಗ ಹೇಳಬೇಕಿತ್ತು.”

ಗೌತಮಿ ಕಾಲಲ್ಲಿದ್ದ ಚಪ್ಪಲಿ ಅಲ್ಲೇ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋದಳು. ಹೆಣ್ಣುಮಕ್ಕಳು ಹೆಗಲು ಕೊಡುವುದೇ ಎಂದು ಹಿರಿಯರೊಬ್ಬರು ತಡೆಯಲು ನೋಡಿದರು. ರಮಾಬಾಯಿ ಕೈಯೆತ್ತಿದಳು, ಅವರು ಸರಿದರು. ಗೌತಮಿ ಬಿದಿರಿನ ಕೆಳಗೆ ಹೆಗಲಿಟ್ಟಳು. ಚಟ್ಟ ಮೇಲೆದ್ದಿತು, ವಾಲದೆ ಹೊರಟಿತು.

ಜನ ಎರಡೂ ಬದಿಯಿಂದ ಕಾಶಿರಾಯನನ್ನು ದಾಟಿ ಹೋದರು. ರಸ್ತೆಯ ಮೇಲೆ ಚುರಮುರಿ, ಚೆಂಡುಹೂವಿನ ಎಸಳು, ಅವುಗಳ ನಡುವೆ ಎರಡು ಚಪ್ಪಲಿ. ಒಂದರ ಉಂಗುಟಕ್ಕೆ ಬಾಳೆನಾರು ಬಿಗಿದಿತ್ತು. ಅವನು ಬಾಗಿ ಎರಡನ್ನೂ ಎತ್ತಿಕೊಂಡ. ಬ್ಲೇಜರಿನ ತೋಳಿನಿಂದ ಧೂಳು ಒರೆಸಿದ. ಆಮೇಲೆ ಅವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆರವಣಿಗೆಯ ಕೊನೆಯವನಾಗಿ ನಡೆಯತೊಡಗಿದ.