ಹುಕ್ಕೇರಿ ಸೆಂಟರ್‌ನಿಂದ ಒಂದು ಪ್ರಶ್ನೆ

ಟಿವಿ ಪರದೆಯ ತುಂಬ ಇರುವೆ, ಕರಿ ಇರುವೆ ಬಿಳಿ ಇರುವೆ ಒಂದರ ಮೈಮೇಲೊಂದು ಹತ್ತಿ ಹರಿದಾಡುತ್ತಿವೆ, ನಡುವೆ ಒಮ್ಮೆ ಯಾರದೋ ಗದ್ದ ಕಂಡಂತಾಗಿ ಮತ್ತೆ ಇರುವೆ — ಬಂತೇನ್ರೀ, ಎಂದು ಮಾಳಿಗೆಯ ಮೇಲಿನಿಂದ ಬೀರಸಿದ್ದಪ್ಪ ಮಾಸ್ತರರ ಕೂಗು, ಇನ್ನೊಂಚೂರ ತಿರುಗಸ್ರೀ, ಎಂದು ಕಿಟಕಿಯ ಬಾಜೂ ಕುಳಿತವರ ಕೂಗು, ಪಾಪ, ಆ ಮನುಷ್ಯ ಬೆಳಿಗ್ಗೆಯಿಂದ ಡಿಶ್ಶಿನ ಛತ್ರಿ ತಿರುವಿ ತಿರುವಿ ಅರ್ಧ ಆಗಿದ್ದಾರೆ, ತಾಲೂಕಿನ ಮಾಸ್ತರರಿಗೆಲ್ಲ ತರಬೇತಿ ಕೊಡಿಸುವ ಕೆಲಸ ಎಂದರೆ ಇಷ್ಟೆಲ್ಲ ಮಾಳಿಗೆ ಹತ್ತುವುದಿರುತ್ತದೆ ಅಂತ ಅವರಿಗಾದರೂ ಎಲ್ಲಿ ಗೊತ್ತಿತ್ತು, ತ್ರಿಶಲಾಗೆ ನಗು ಬರುತ್ತದೆ, ನಗುತ್ತಲೇ ಬೇಡಿಕೊಳ್ಳುತ್ತಾಳೆ, ಆ ಮೇಡಮ್ಮರೇ ಇರಲಿ ಜಿನೇಶ್ವರಾ, ಹೋದ ವರ್ಷ ಬಂದಿದ್ದರಲ್ಲ, ದಪ್ಪ ಕನ್ನಡಕ, ನೀಲಿ ಸೀರೆ, ಅವರೇ ಇರಲಿ, ಬೇರೆ ಯಾರಾದರೂ ಕೂತಿದ್ದರೆ ಈ ಚೀಟಿ ಯಾರಿಗೆ ಓದಲಿ. ಚೀಟಿ ಮುಷ್ಟಿಯೊಳಗೇ ಬೆವೆತಿದೆ, ನಾಲ್ಕೇ ಸಾಲು, ರಾತ್ರಿ ಬರೆದದ್ದಲ್ಲ, ಬೆಳಿಗ್ಗೆ ಬಸ್ಸಿನಲ್ಲಿ ಬರೆದದ್ದು, ಬೆಲ್ಲದ ಬಾಗೇವಾಡಿ ದಾಟಿದ ಮೇಲೆ ರಸ್ತೆ ಕುಲುಕಿದಲ್ಲೆಲ್ಲ ಅಕ್ಷರಗಳೂ ಕುಲುಕಿವೆ, ಮಾನ್ಯರೇ ತಮ್ಮ ಸಲಹೆಯಿಂದ ಒಂದು ಮಗುವಿನ ಬಾಳು ಬೆಳಗಿತು, ಛೇ, ಇದೇನು ಬೀಳ್ಕೊಡುವ ಸಮಾರಂಭದ ಭಾಷಣ ಆಯಿತು, ಆದರೆ ಇನ್ನು ಹೇಗೆ ಬರೆಯುತ್ತಾರೆ, ಬಾಳು ಬೆಳಗಿದ್ದಂತೂ ಖರೆ. ಇಸವಿ ಎರಡು ಸಾವಿರ ಹುಟ್ಟಿದ ದಿನ ಜಗತ್ತಿನ ಕಂಪ್ಯೂಟರೆಲ್ಲ ನಿಂತುಹೋಗುತ್ತವೆ ಅಂತ ಹೆದರಿಸಿದ್ದರು, ವರ್ಷ ಮುಗಿಯುತ್ತ ಬಂತು, ಒಂದೂ ನಿಲ್ಲಲಿಲ್ಲ, ಈ ಟಿವಿ ಮಾತ್ರ ದಿನಾ ನಿಲ್ಲುತ್ತದೆ.

ಹೋದ ವರ್ಷವೂ ಇದೇ ಹಾಲ್, ಇದೇ ಜಮಖಾನೆ, ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರು ಮಾತಾಡುವುದು, ನಲವತ್ತು ಜನ ಇಲ್ಲಿ ಕೂತು ನೋಡುವುದು, ಕೊನೆಗೆ ಫೋನು ಹಚ್ಚಿ ಪ್ರಶ್ನೆ ಕೇಳುವುದು, ಮೊದಲ ದಿನ ಅರ್ಧ ಜನ ಟಿವಿಗೆ ನಮಸ್ಕಾರ ಮಾಡಿ ಅದು ತಿರುಗಿ ಮಾಡುವವರೆಗೂ ಕೈ ಮುಗಿದೇ ಕೂತಿದ್ದರು, ಅದರಲ್ಲಿ ತಾನೂ ಒಬ್ಬಳು, ಮುಚ್ಚಿಡುವುದೇನು. ಗೋಕಾಕದವರು ಕೇಳಿದರು, ಮೂಡಲಗಿಯವರು ಮೂರು ಸಲ ಕೇಳಿದರು, ಹುಕ್ಕೇರಿಯಿಂದ ಒಂದೂ ಇಲ್ಲ, ಬೀರಸಿದ್ದಪ್ಪ ಮಾಸ್ತರರ ಮುಖ ಸಣ್ಣಗಾಯಿತು, ಒಬ್ಬರರ ಕೇಳ್ರಿ ಮಾರಾಯ್ರ, ನಮ್ಮ ಸೆಂಟರಿನ ಮಾನ ಹೋಗಾಕತ್ತೈತಿ, ಅಕ್ಕಾರ ನೀವ ಕೇಳ್ರಿ, ಎಂದು ಫೋನನ್ನು ತನ್ನ ಕೈಗೇ ತುರುಕಿಬಿಟ್ಟರು, ಏನ್ ಕೇಳ್ಲ್ರಿ ನಾ, ಏನರ ಕೇಳ್ರಿ, ನಿಮ್ಮ ಸಾಲ್ಯಾಗ ಏನೂ ತ್ರಾಸ ಇಲ್ಲೇನು, ಆಗ ಬಾಯಿಗೆ ಬಂದದ್ದು ಸಾತವ್ವನ ಹೆಸರು, ಎರಡನೇ ಸಾಲಿನಲ್ಲಿ ಕೂರುವ ಏಳು ವರ್ಷದ ಹುಡುಗಿ, ಒಂದ ಹಠಮಾರಿ ಕೂಸ ಐತ್ರಿ, ಎಷ್ಟ ಕರದ್ರೂ ತಿರುಗಿ ನೋಡೂದಿಲ್ರಿ, ಹೊಡದ್ರೂ ಅಷ್ಟ ಬಿಟ್ರೂ ಅಷ್ಟ — ಹೇಳಿ ಮುಗಿಸುವಷ್ಟರಲ್ಲಿ ತನ್ನದೇ ದನಿ ತಡವಾಗಿ ಟಿವಿಯೊಳಗಿಂದ ಬಂತು, ಹೊಡದ್ರೂ ಅಷ್ಟ ಬಿಟ್ರೂ ಅಷ್ಟ, ಅಯ್ಯೋ, ಇಷ್ಟು ಗಡಸಾಗಿದೆಯೇ ನನ್ನ ದನಿ, ಇಡೀ ದಿನ ಮಕ್ಕಳು ಕೇಳುವುದು ಇದನ್ನೇ ಏನು, ಟಿವಿ ಸಣ್ಣ ಮಾಡ್ರಿ ಎಂದು ಯಾರೋ ಓಡಿದರು. ಆ ಮೇಡಮ್ಮರು ಬೈಯಲಿಲ್ಲ, ಶಿಸ್ತಿನ ಪಾಠ ಹೇಳಲಿಲ್ಲ, ಒಂದೇ ಮಾತು, ಟೀಚರ್, ನಾಳೆ ಅವಳ ಬೆನ್ನ ಹಿಂದೆ ನಿಂತು, ಅವಳಿಗೆ ಕಾಣದ ಹಾಗೆ ಒಂದು ತಟ್ಟೆ ಬಡಿದು ನೋಡಿ. ಅಷ್ಟೇ. ಆಮೇಲೆ ಬೇರೆ ಊರಿನ ಫೋನು ಬಂತು. ಮಾನ ಉಳಿಸಲು ಕೇಳಿದ ಪ್ರಶ್ನೆಗೆ ಎಂಥ ಉತ್ತರ ಸಿಕ್ಕಿತು ನೋಡು, ಬೀರಸಿದ್ದಪ್ಪ ಮಾಸ್ತರರ ಹಟಕ್ಕೆ ಪುಣ್ಯ ಬರಲಿ.

ಮರುದಿನ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು, ಮಕ್ಕಳೆಲ್ಲ ಗೋಡೆ ಕಡೆ ಮುಖ ಮಾಡಿ ಕೂತಿದ್ದರು, ತನ್ನ ಊಟದ ತಟ್ಟೆಯನ್ನೇ ಚೀಲದಿಂದ ತೆಗೆದು, ಚಮಚೆಯಿಂದ ಒಮ್ಮೆ ಹೊಡೆದಳು, ಮೂವತ್ತೊಂದು ತಲೆ ಗಕ್ಕನೆ ತಿರುಗಿದವು, ಒಂದು ತಿರುಗಲಿಲ್ಲ, ಇನ್ನೊಮ್ಮೆ, ಕಿವಿಯ ಹತ್ತಿರವೇ ಹೋಗಿ ಇನ್ನೊಮ್ಮೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೆಂಪು ರಿಬ್ಬನ್ನು, ನೆಟ್ಟಗೆ ಮುಂದೆ ನೋಡುತ್ತ ಕೂತಿದೆ ಕೂಸು, ಬಾಜೂದವಳು ತಿರುಗಿದ್ದು ನೋಡಿ ಆಮೇಲೆ ತಾನೂ ತಿರುಗಿತು, ಯಾವಾಗಲೂ ಹಾಗೆಯೇ ಅಲ್ಲವೇ, ಎಲ್ಲರೂ ಎದ್ದರೆ ಎದ್ದು, ಎಲ್ಲರೂ ಬಾಯಿ ತೆರೆದರೆ ತೆರೆದು, ಒಂದೂವರೆ ವರ್ಷ ಆ ಪುಟ್ಟ ಜೀವ ನೋಡಿ ನೋಡಿಯೇ ಸಾಲೆ ಕಲಿತಿತ್ತು, ತಾನು ಒಂದೂವರೆ ವರ್ಷ ಛಡಿ ಹಿಡಿದುಕೊಂಡಿದ್ದಳು. ಅವತ್ತು ಸಂಜೆ ಕೂಸಿನ ಅಜ್ಜಿ ಸುಂದ್ರವ್ವನ ಮನೆ ಬಾಗಿಲಲ್ಲಿ ನಿಂತು ಹೇಳಿಯೂಬಿಟ್ಟಳು, ಯವ್ವಾ ನಾ ಹೊಡದೇನಿ ಅದಕ, ಗೊತ್ತಿಲ್ಲದ ಹೊಡದೇನಿ, ಸುಂದ್ರವ್ವ ಮಜ್ಜಿಗೆ ತಂದಿಟ್ಟಳು, ಕುಡೀರಿ ಅಕ್ಕಾರ, ಹೊತ್ತ ಮುಳಗೂದ್ರಾಗ ಕುಡೀರಿ, ನೀವು ಜೈನ ಬಸ್ತ್ಯಾರು ಆಮ್ಯಾಲ ಏನೂ ಮುಟ್ಟೂದಿಲ್ಲ, ನಾನೂ ಬಡದೇನ್ರಿ, ಅದರ ಅಪ್ಪನೂ ತಡಾ ಮಾತಾಡಿದ್ದ, ಹಂಗ ಅಂತ ತಿಳದಿದ್ವಿ, ಅಂವಾ ಕುರಿ ಹೊಡ್ಕೊಂಡ ಹೊಳಿ ದಂಡಿಗಿ ಹ್ವಾದಂವ ಇನ್ನೂ ಬಂದಿಲ್ಲ, ಬಂದ ಮ್ಯಾಲ ಹೇಳತೇನಿ. ಆ ಮಜ್ಜಿಗೆಯ ಋಣ ಯಾವ ಜನ್ಮದಲ್ಲಿ ತೀರುತ್ತದೋ. ಆಮೇಲೆ ಗೋಕಾಕದ ತಪಾಸಣೆ ಶಿಬಿರ, ಸಾತವ್ವ ಅಜ್ಜಿಯ ಕೈ ಬಿಡದೆ ನಡೆದದ್ದು, ಡಾಕ್ಟರು ಬರೆದುಕೊಟ್ಟದ್ದು, ಫಾರ್ಮಿನ ಮೇಲೆ ಫಾರ್ಮು, ಅವನ್ನೆಲ್ಲ ಬೆನ್ನು ಹತ್ತಿ ಓಡಾಡಿದ್ದು ಮತ್ತೆ ಬೀರಸಿದ್ದಪ್ಪ ಮಾಸ್ತರರೇ, ಕೊನೆಗೆ ಈ ಆಗಸ್ಟಿನಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕಿವಿ ಮಿಷನ್ನು ಬಂತು, ಅದಕ್ಕೊಂದು ವಾಯರು, ಸುಂದ್ರವ್ವ ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಚೀಲ ಹೊಲಿದಳು, ಕೊರಳಲ್ಲಿ ಹಾಕಿಕೊಂಡು ಕೂಸು ಕನ್ನಡಿ ಮುಂದೆ ನಿಂತು ನಕ್ಕಿತು.

ಸಾತವ್ವಾ, ಎಂದು ಸಾಲೆಯಲ್ಲಿ ತಾನು ಹಿಂದಿನಿಂದ ಕರೆದಳು, ಮೆಲ್ಲಗೆ, ಎರಡು ಜಡೆ ಅಲುಗಿದವು, ತಲೆ ತಿರುಗಿತು, ತಾನಾಗಿಯೇ ತಿರುಗಿತು, ಮಕ್ಕಳು ಹೋ ಎಂದು ಕೂಗಿದರು, ಹೆಡ್‌ಮಾಸ್ತರರು ಬಾಗಿಲಿಗೆ ಓಡಿ ಬಂದರು, ತಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಕೂಸು ಎದ್ದು ಬಂತು, ಹತ್ತಿರ ಬಂದು, ನೆಟ್ಟಗೆ ನಿಂತು, ಬಲಗೈ ಮುಂದೆ ಚಾಚಿತು. ಅಂಗೈ ಮೇಲೆ ಮಾಡಿ. ಬಳಪದ ಪುಡಿ ಮೆತ್ತಿದ ಸಣ್ಣ ಅಂಗೈ, ಬೆರಳು ಹಿಂದಕ್ಕೆ ಬಾಗಿಸಿ, ಕಣ್ಣು ಅರ್ಧ ಮುಚ್ಚಿ — ಹೀಗೆ ಹಿಡಿದರೆ ಬೇಗ ಮುಗಿಯುತ್ತದೆ ಅಂತ ಅದಕ್ಕೆ ಗೊತ್ತಿತ್ತು, ತನ್ನ ಬಾಯಿ ಸಾ ಎಂದು ತೆರೆದಾಗಲೆಲ್ಲ ಮುಂದೆ ಏನು ಬರುತ್ತದೆ ಅಂತ ಅದು ಕಣ್ಣಿನಿಂದಲೇ ಕಲಿತಿತ್ತಲ್ಲ. ಯಾರೂ ಅದನ್ನು ನೋಡಲಿಲ್ಲ, ಎಲ್ಲರೂ ಚಪ್ಪಾಳೆಯಲ್ಲಿದ್ದರು. ನಾಲ್ಕು ತಿಂಗಳಾಯಿತು, ಈಗ ಕೂಸು ಅಜ್ಜಿ ಅನ್ನುತ್ತದೆ, ಎಮ್ಮಿ ಅನ್ನುತ್ತದೆ, ಬಸ್ಸು ಬಂದರೆ ಎಲ್ಲರಿಗಿಂತ ಮೊದಲು ಕೈ ತೋರಿಸುತ್ತದೆ, ಆದರೆ ತಾನು ಹೆಸರು ಹಿಡಿದು ಕರೆದರೆ ಸಾಕು, ಅಂಗೈ. ಛಡಿಯನ್ನು ಅವತ್ತೇ ಮುರಿದು ಒಲೆಗೆ ಹಾಕಿದ್ದಾಳೆ, ಛಡಿ ಕಾಣದೆ ಕೂಸು ಒಂದು ದಿನ ಫೂಟ್‌ಪಟ್ಟಿ ಹುಡುಕಿ ತಂದು ಕೊಟ್ಟಿತು, ಅಕ್ಕಾರಿಗೆ ತ್ರಾಸಾಗಬಾರದು ಅಂತ. ಒಮ್ಮೆ ಆ ಅಂಗೈಗೆ ಮೇಲಿನಿಂದ ಒಂದು ಪೆಪ್ಪರಮಿಂಟು ಹಾಕಿದಳು, ಕೂಸು ಅದನ್ನು ಮೇಜಿನ ಮೇಲಿಟ್ಟು ಮತ್ತೆ ಕೈ ಚಾಚಿತು, ಮೊದಲು ಆಗಬೇಕಾದ್ದು ಆಗಲಿ ಎಂಬಂತೆ. ಮನೆಯಲ್ಲಿ ಗಂಡ ಕುಂಥುನಾಥರಿಗೂ ಹೇಳಿಲ್ಲ, ಅವರು ಊರೆಲ್ಲ ಹೊಗಳಿಕೊಂಡು ಅಡ್ಡಾಡುತ್ತಿದ್ದಾರೆ, ನಮ್ಮನಿಯಾಕಿ ಒಂದ ಕೂಸಿಗಿ ಕಿವಿ ಕೊಡಿಸಿದ್ಲು ಅಂತ.

ಬಂತ್ರೀ ಬಂತು, ಇರುವೆಯೆಲ್ಲ ಸರಿದು ಬಣ್ಣ ನಿಂತಿತು, ಒಂದು ಮೇಜು, ಮೂವರು, ಬಲಗಡೆ ದಪ್ಪ ಕನ್ನಡಕ, ಅವರೇ, ಸೀರೆ ಬೇರೆ ಅಷ್ಟೇ, ಜಿನೇಶ್ವರಾ, ಅವರೇ. ಬೀರಸಿದ್ದಪ್ಪ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಬಂದು ಬಗ್ಗಿ ಪಿಸುಗುಡುತ್ತಾರೆ, ಅಕ್ಕಾರ, ಜಿಲ್ಲಾದಿಂದ ಸಾಹೇಬ್ರು ಬಂದಾರ, ಮುಂದ ಕುರ್ಚಿಮ್ಯಾಲ ಅದಾರ, ನೀವು ಚಂದಂಗ ಹೇಳ್ರಿ, ಹಿಂಗಾತು, ಕೂಸಿಗಿ ಕಿವಿ ಬಂತು, ಭಾಳ ಉಪಕಾರ ಆತು, ಇಷ್ಟ ಸಾಕ್ರಿ, ನಮ್ಮ ಸೆಂಟರಿನ ಹೆಸರ ಆಗತೈತಿ. ಆಗಲಿ, ಅವರ ಹೆಸರಾಗಲಿ, ಇವರಿಗೆ ಅಷ್ಟೂ ಮಾಡದಿದ್ದರೆ ತಾನು ಎಂಥವಳು, ಚೀಟಿ ಬಿಚ್ಚುತ್ತಾಳೆ, ಬೆವರಿಗೆ ಮಾನ್ಯರೇ ಎಂಬುದು ಕಲಸಿಹೋಗಿದೆ, ಮೂಡಲಗಿ ಸೆಂಟರಿನಲ್ಲಿ ನಾದಿನಿ ವಂದನಾ ಕೂತು ಇದನ್ನೇ ನೋಡುತ್ತಿರುತ್ತಾಳೆ, ನಾಳೆ ನೆಂಟರಿಷ್ಟರಿಗೆಲ್ಲ ಫೋನು ಹೋಗುತ್ತದೆ, ನಮ್ಮ ವೈನಿ ಟಿವ್ಯಾಗ ಮಾತಾಡಿದ್ರು, ಧನ್ಯವಾದ ಅಂದು ಕೂತರೆ ಚಪ್ಪಾಳೆ, ಚಹಾ, ನಾಲ್ಕೂವರೆಯ ಬಸ್ಸು, ಬೆಳಕಿರುವಾಗಲೇ ಮನೆ ಮುಟ್ಟಿ ಊಟ. ನಾಳೆ ಬೆಳಿಗ್ಗೆ ಹಾಜರಿ ಕರೆಯುವಾಗ ಮತ್ತೆ ಅಂಗೈ. ಇನ್ನು ಕೇಳುವುದು ಯಾರನ್ನು, ಇನ್ನೊಂದು ವರ್ಷ ಕಾಯಬೇಕು ಈ ಫೋನಿಗೆ.

ಹಲೋ, ಹುಕ್ಕೇರಿ ಸೆಂಟರ್, ಮಾತಾಡಿ — ಹಲೋ, ನಮಸ್ಕಾರ್ರಿ ಮೇಡಂ, ನಾ ತ್ರಿಶಲಾ ಅಂತ್ರಿ, ಹ್ವಾದ ವರ್ಷ ತಾಟ ಬಡದ ನೋಡ್ರಿ ಅಂತ ಹೇಳಿದ್ರಿ, ಬಡದೆ, ಅದಕ ಕಿವಿ ಕೇಳಸ್ತಿರಲಿಲ್ರಿ, ಈಗ ಮಿಷನ್ ಹಾಕಿ ಕೇಳಸಾಕತ್ತೈತ್ರಿ, ನಿಮ್ಮ ಉಪಕಾರ ಮರಿಯೂದಿಲ್ರಿ, ನನ್ನ ಸಾಲಿ ಮಕ್ಳೂ ಮರಿಯೂದಿಲ್ಲ. ಪರದೆಯ ಮೇಲೆ ಮೇಡಮ್ಮರ ಮುಖ ಅರಳುತ್ತದೆ, ಬೀರಸಿದ್ದಪ್ಪ ಮಾಸ್ತರರು ಎರಡೂ ಕೈ ಚಪ್ಪಾಳೆಗೆ ಎತ್ತಿದ್ದಾರೆ, ಇಲ್ಲಿಗೆ ಫೋನು ಇಡಬೇಕು, ಇಡು ತ್ರಿಶಲಾ — ಆದರ ಮೇಡಂ, ಅದಕ ನಾ ಒಂದೂವರಿ ವರ್ಷ ಹೊಡದೇನ್ರಿ, ಈಗ ಹೆಸರ ಕರದ್ರ ತಿರಗತೈತಿ, ತಿರುಗಿ ಅಂಗೈ ಚಾಚತೈತ್ರಿ, ಹೊಡೀರಿ ಅಂತ, ನಾಲ್ಕ ತಿಂಗಳಾತು, ಏನ್ ಮಾಡ್ಲ್ರಿ ನಾ, ಇದೊಂದ ಹೇಳ್ರಿ. ಟಿವಿ ಸಣ್ಣ ಮಾಡಲು ಎಲ್ಲರೂ ಮರೆತಿದ್ದಾರೆ, ತನ್ನ ದನಿ ತಡವಾಗಿ ವಾಪಸು ಬರುತ್ತದೆ, ಹೊಡದೇನ್ರಿ, ಗೋಕಾಕಕ್ಕೂ ಹೋಯಿತು, ಮೂಡಲಗಿಗೂ ಹೋಯಿತು, ಹೋಗಲಿ, ಖರೆ ಮಾತು ಎಲ್ಲಿಗೆ ಬೇಕಾದರೂ ಹೋಗಲಿ. ಮೇಡಮ್ಮರು ಕನ್ನಡಕ ತೆಗೆದರು, ಟೀಚರ್, ಅವಳು ಕೈ ಚಾಚಿದಾಗ ನೀವೇನು ಮಾಡ್ತೀರಿ — ಕೆಳಗ ಇಳಸು ಅಂತೇನ್ರಿ, ಆಕಡೆ ನೋಡತೇನ್ರಿ — ಆ ಕೈಯನ್ನ ಯಾವತ್ತಾದರೂ ಮುಟ್ಟಿದ್ದೀರಾ? ತ್ರಿಶಲಾ ಬಿಚ್ಚಿದ ಚೀಟಿಯನ್ನು ಮತ್ತೆ ಮಡಚಿದಳು. ಹಲೋ, ಟೀಚರ್, ಇದ್ದೀರಾ — ಇಲ್ರಿ ಮೇಡಂ, ಮುಟ್ಟಿಲ್ರಿ — ನಾಳೆ ಹಿಡಿದುಕೊಳ್ಳಿ, ಏನೂ ಹೇಳಬೇಡಿ, ಅವಳಾಗಿಯೇ ಬಿಡಿಸಿಕೊಳ್ಳೋವರೆಗೂ ಹಿಡಿದುಕೊಂಡಿರಿ, ದಿನಾ — ಹೂಂನ್ರಿ, ಅಂದಳು, ಹೂಂನ್ರಿ, ಇನ್ನೊಮ್ಮೆ ಅಂದಳು, ಅಷ್ಟರಲ್ಲಿ ಪರದೆಯ ಮೇಲೆ ಬೇರೆ ಊರಿನ ಹೆಸರು ಬಂದಿತ್ತು.

ಚಪ್ಪಾಳೆ ಇಲ್ಲ, ಸಾಹೇಬರು ಪೆನ್ನಿನ ಟೊಪ್ಪಿಗೆ ಹಾಕುತ್ತ ತೆಗೆಯುತ್ತ ಕೂತಿದ್ದಾರೆ, ಬೀರಸಿದ್ದಪ್ಪ ಮಾಸ್ತರರು ಸಿಟ್ಟಾಗಬಹುದು, ಆಗಲಿ, ಆದರೆ ಅವರು ಚಹಾದ ಕಪ್ಪು ತಂದು ತನ್ನ ಮುಂದಿಟ್ಟರು, ಹಿಂದಿನಿಂದ ಅಲ್ಲಪ್ಪ ಮಾಸ್ತರರು, ಬರುವ ಮೇ ತಿಂಗಳಿಗೆ ನಿವೃತ್ತಿ, ಎದ್ದು ನಿಂತಿದ್ದಾರೆ, ಫೋನ ಇತ್ತ ಕೊಡ್ರಿ, ನಂದೂ ಒಂದ ಕೇಳೂದ ಐತಿ, ಅವರ ಹಿಂದೆ ಇನ್ನೊಬ್ಬರು, ಇನ್ನೂ ಒಬ್ಬರು, ಈ ಸೆಂಟರಿನವರಿಗೆ ಕೇಳುವುದು ಇಷ್ಟೊಂದು ಇತ್ತೇ ಹಾಗಾದರೆ, ದೇವರು ಒಳ್ಳೆಯದು ಮಾಡಲಿ ಇವರಿಗೆಲ್ಲ, ಆ ಛತ್ರಿಗೆ, ಆ ವಾಯರಿಗೆ, ಆ ಮೇಡಮ್ಮರಿಗೆ, ಅವರ ಹೆಸರನ್ನು ಈ ಸಲವೂ ಕೇಳಲಿಲ್ಲ ನೋಡು. ಚಹಾದ ಕಪ್ಪು ಹಿಡಿದರೆ ಸುಡುತ್ತದೆ, ಬಿಡುತ್ತಾಳೆ, ನಾಲ್ಕೂವರೆ ಆಗಿರಬೇಕು, ಬಸ್ಸು ಹೋದರೆ ಹೋಗಲಿ, ಒಂದು ರಾತ್ರಿ ಉಪವಾಸ ಇದ್ದರೆ ಏನೂ ಆಗುವುದಿಲ್ಲ, ನಾಳೆ ಪ್ರಾರ್ಥನೆ ಮುಗಿದ ಮೇಲೆ ಹಾಜರಿ, ಸಾತವ್ವಾ ಎನ್ನಬೇಕು, ತಲೆ ತಿರುಗುತ್ತದೆ, ಎದ್ದು ಬರುತ್ತದೆ, ಅದರ ಕಿವಿಗೆ ಮಿಷನ್ನಿನ ಗುಂಡಿ ತಾನೇ ಸಿಕ್ಕಿಸಿದ್ದಾಳೆ, ಸೆಲ್ಲು ಬದಲಿಸಿದ್ದಾಳೆ, ಜಡೆಯ ರಿಬ್ಬನ್ನೂ ಎಷ್ಟೋ ಸಲ ಕಟ್ಟಿದ್ದಾಳೆ, ಕೈ ಮಾತ್ರ ಮುಟ್ಟಿಲ್ಲ, ಎರಡೂವರೆ ವರ್ಷದಲ್ಲಿ ಆ ಕೈಯನ್ನು ಮುಟ್ಟಿದ್ದು ಛಡಿಯೊಂದೇ, ಎಷ್ಟು ಸಲ ನೋಡಿದ ಅಂಗೈ, ಯಾವ ಗೆರೆ ಎಲ್ಲಿ ಕವಲೊಡೆಯುತ್ತದೆ ಅಂತ ಕಣ್ಣು ಮುಚ್ಚಿ ಬರೆದು ತೋರಿಸಬಲ್ಲಳು, ಬಳಪದ ಪುಡಿ, ಹಿಂದಕ್ಕೆ ಬಾಗಿದ ಐದು ಬೆರಳು, ಅದು ಬೆಚ್ಚಗಿರುತ್ತದೋ ತಣ್ಣಗಿರುತ್ತದೋ ಗೊತ್ತಿಲ್ಲ, ಅದೊಂದು ಗೊತ್ತಿಲ್ಲ, ಅಂಗೈ —