ಯಾರೂ ಮುಟ್ಟದ ಮುಡಿ

ನಮ್ಮತ್ತೆ ಸಿದ್ದಮ್ಮ ದಿನಾ ಎರಡು ಹೊತ್ತು ಹಸುವಿನ ಕಿವಿ ಮಡಚಿ ನೋಡಿ ರಕ್ತ ಹೀರುವ ಉಣ್ಣೆ ಹುಳ ಕೀಳುತ್ತಾರೆ. ಹಸುವಿಗಿದ್ದ ಆ ಭಾಗ್ಯ ನನ್ನ ಮಗಳು ದೀಪುವಿಗಿರಲಿಲ್ಲ. ಅವಳ ಕೂದಲು ಮಾದಪ್ಪನ ಹರಕೆಯದು. ಬೆಟ್ಟಕ್ಕೆ ಹೋಗಿ ಮುಡಿ ಕೊಡುವವರೆಗೆ ಕತ್ತರಿ ಇಲ್ಲ, ಬಾಚಣಿಗೆಯೂ ಇಲ್ಲ. ಐದು ವರ್ಷದ ಮಗುವಿನ ತಲೆ ಗಂಟುಗಂಟಾಗಿತ್ತು.

ಸೋಮವಾರ ಹಾಸಿಗೆಯಿಂದೆದ್ದವಳು ನಿಲ್ಲಲಾರದೆ ಕುಸಿದಳು. ಜ್ವರವಿಲ್ಲ, ನೋವಿಲ್ಲ, ಕಾಲಿನಲ್ಲಿ ಬಲವೇ ಇಲ್ಲ. ಉಯ್ಯಂಬಳ್ಳಿಯಿಂದ ಕನಕಪುರದ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಮಧ್ಯಾಹ್ನಕ್ಕೆ ಕೈಗಳೂ ಜೋತುಬಿದ್ದವು. ಡಾಕ್ಟರು ಮೊಣಕಾಲು ತಟ್ಟಿ ನೋಡಿದರು, ಸ್ಕ್ಯಾನಿಗೆ ಬರೆದರು, "ಉಸಿರಾಟಕ್ಕೂ ತೊಂದ್ರೆ ಆಗ್ಬೋದು, ಬೆಂಗಳೂರಿಗೆ ಕರ್ಕೊಂಡ್ಹೋಗಿ" ಎಂದರು. ತಲೆಯನ್ನು ಮಾತ್ರ ಮುಟ್ಟಲಿಲ್ಲ. ಅಷ್ಟು ಓದಿದವರಿಗೆ ಅಷ್ಟೂ ಹೊಳೆಯಬಾರದೇ?

ಆಂಬುಲೆನ್ಸಿಗೆ ಕಾಯುತ್ತಿದ್ದಾಗ ನರ್ಸ್ ಸಾನಾ ಬಂದಳು. "ಮನೇಲಿ ದನ ಅವಾ? ಉಣ್ಣೆ ಕಚ್ಕೊಂಡಿದ್ರೂ ಹಿಂಗೆ ಕೈಕಾಲು ಬೀಳ್ತವೆ. ತಲೆ ಒಸಿ ನೋಡ್ಬೇಕು."

ಅತ್ತೆ ಮಗುವಿನ ತಲೆಗೆ ಸೆರಗು ಮುಚ್ಚಿದರು. "ದೇವ್ರ ಮುಡಿ ಕಣವ್ವ, ಮುಟ್ಬ್ಯಾಡ. ಕೆಟ್ಟದ್ದಾಯ್ತದೆ."

"ಇನ್ನೇನ್ ಕೆಟ್ಟದ್ದಾಗ್ಬೇಕು? ಮಗು ಉಸ್ರಾಡಕ್ಕೆ ಒದ್ದಾಡ್ತಾ ಐತೆ!" ನಾನು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು. ನನ್ನ ಗಂಡ ಸ್ವಾಮಿ ಗೋಡೆ ನೋಡುತ್ತ ನಿಂತಿದ್ದರು. "ನೀವಾದ್ರೂ ಬಾಯ್ಬುಡಿ" ಎಂದೆ. ಅತ್ತೆಯ ಕೈಯನ್ನು ತಳ್ಳಿ, ಸಾನಾಳಿಂದ ಕತ್ತರಿ ಕಿತ್ತುಕೊಂಡು ಗಂಟುಗಳನ್ನು ನಾನೇ ಕತ್ತರಿಸಿದೆ.

ಬಲಗಿವಿಯ ಹಿಂದೆ, ಅವರೆಕಾಳಿನ ಗಾತ್ರಕ್ಕೆ ಉಬ್ಬಿದ ಉಣ್ಣೆ. ಸಾನಾ ಚಿಮಟದಿಂದ ಅದನ್ನು ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದಳು.

ಬೆಂಗಳೂರಿನಲ್ಲಿ ಡಾಕ್ಟರು ಉಸಿರಾಟದ ಯಂತ್ರ ಪಕ್ಕದಲ್ಲಿಟ್ಟುಕೊಂಡು ಕಾದರು. ಅದು ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ದೀಪು ಕಾಲು ಮಡಚಿದಳು.

"ಮಾದಪ್ಪ ಕಾಪಾಡ್ದ" ಎಂದು ಅತ್ತೆ ಕೈಮುಗಿದರು. ನನಗೆ ಮೈಯೆಲ್ಲ ಉರಿಯಿತು.

"ಕಾಪಾಡಿದ್ದು ಸಾನಾ! ಹಸುವಿನ ಕಿವಿ ನೋಡಕ್ಕೆ ಟೇಮೈತೆ, ಮೊಮ್ಮಗಳ ತಲೆ ನೋಡಕ್ಕಿಲ್ವಾ? ನೀವೇ ಕೊಲ್ತಿದ್ರಿ ನನ್ ಮಗೀನ!" ಬಾಯಿಗೆ ಬಂದದ್ದೆಲ್ಲ ಅಂದೆ.

ಅಷ್ಟರಲ್ಲಿ ದೀಪು ಬಾಯಿ ತೆರೆದಳು. "ಅಜ್ಜೀನ ಬೈಬ್ಯಾಡ ಕಣವ್ವ. ತಲೇಲಿ ಏನೋ ಕಡೀತೈತೆ ಅಂತ ನಿಂಗೇ ಯೋಳಿದ್ದು. ನೀನು ಕೈ ಮ್ಯಾಲೆ ಹೊಡ್ದೆ."

ಹೌದು, ಶನಿವಾರ. ದೇವರ ಮುಡಿ ಕೆರೆಯಬಾರದು ಎಂದು ಹೊಡೆದವಳು ನಾನೇ. ಅತ್ತೆ ನನ್ನ ಮುಖ ನೋಡಿದರು, ಮತ್ತೆ ಮಗುವಿನ ಕಾಲು ನೀವತೊಡಗಿದರು. ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.