ಹಳದಿ ಮೆರುಗಿನ ತಟ್ಟೆಗಳು

ಪಿಂಗಾಣಿ ಕಾರ್ಖಾನೆ ಕಟ್ಟಿದವರು ಅವಳ ಮಾವ. ಅವರು ತೀರಿಕೊಂಡ ಮೇಲೆ ಅವರ ತಮ್ಮ ಅದನ್ನು ನಡೆಸಿ, ಕೈಲಾಗದ ಕಾಲಕ್ಕೆ ಅವಳ ಗಂಡನಿಗೆ ಒಪ್ಪಿಸಿದರು. ಗಂಡ ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ. ಕಾರ್ಖಾನೆ ಅವಳ ಹೆಗಲಿಗೆ ಬಿತ್ತು. ಯಜಮಾನರು ಬದಲಾದರೂ ತಟ್ಟೆಗಳ ಹಳದಿ ಮೆರುಗು ಮಾತ್ರ ಬದಲಾಗಲಿಲ್ಲ. ಜನ ಮುಗಿಬೀಳುತ್ತಿದ್ದುದೇ ಆ ಬಣ್ಣಕ್ಕೆ.

ಅದನ್ನು ಬಳಿಯುತ್ತಿದ್ದವಳು ಗಂಡನ ತಂಗಿ. ಮದುವೆ ಗಿದುವೆ ಎಂದರೆ ಮಾರು ದೂರ ಓಡುತ್ತಿದ್ದ ನಾದಿನಿಗೆ ಬಣ್ಣದ ಕೋಣೆಯೇ ಸಂಸಾರ. ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡಿಕೊಳ್ಳುವಳು. ಒಂದು ಬೆಳಿಗ್ಗೆ ಅವಳ ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು.

"ಮೆರುಗಿಗೆ ಸೀಸ ಹಾಕ್ತೀರಾ?" ಎಂದರು ಡಾಕ್ಟರು. "ಹಾಕೋದಾದ್ರೆ ಇದು ಅದರದ್ದೇ ವಿಷ."

ಮೆರುಗಿನ ಪುಡಿ ಮೊದಲಿನಿಂದಲೂ ಒಂದೇ ಅಂಗಡಿಯಿಂದ ಬರುತ್ತಿತ್ತು, ಅದರಲ್ಲಿ ಏನಿದೆಯೆಂದು ಅತ್ತಿಗೆಗೂ ಗೊತ್ತಿರಲಿಲ್ಲ. ಅವಳು ನೇರ ಚಿಕ್ಕಮಾವನ ಮನೆಗೆ ಹೋದಳು.

"ಹಾಕದೆ ಆ ಬಣ್ಣ ಎಲ್ಲಿಂದ ಬರಬೇಕಮ್ಮಾ?" ಮುದುಕ ತಲೆಯೆತ್ತಲಿಲ್ಲ. "ಅಣ್ಣ ನನಗೆ ಹೇಳಿದ್ದ. ನಿನ್ನ ಗಂಡನಿಗೆ ನಾನು ಹೇಳಿದೆ. ಮನೇಲಿ ಯಾವತ್ತಾದ್ರೂ ಹಳದಿ ತಟ್ಟೇಲಿ ಉಂಡಿದ್ದೀಯಾ?"

ಉಂಡಿರಲಿಲ್ಲ. ಮಾರೋ ಸಾಮಾನು ಮನೆಗೆ ಬೇಡ ಎನ್ನುತ್ತಿದ್ದರು ಮಾವ. ಎಂಥ ಶಿಸ್ತು ಎಂದು ಮೆಚ್ಚಿಕೊಂಡಿದ್ದಳು. ಪಕ್ಕದಲ್ಲೇ ಮಲಗುತ್ತಿದ್ದವನೂ ಬಾಯಿಬಿಟ್ಟಿರಲಿಲ್ಲ.

ಮರುದಿನವೇ ಹಳದಿ ನಿಲ್ಲಿಸಿದಳು.

"ನಮ್ಮ ಹೊಟ್ಟೆ ಮೇಲೆ ಹೊಡೀತಾ ಇದ್ದೀರಲ್ಲಕ್ಕಾ!" ಎಂದು ಭಟ್ಟಿಯ ಮೇಸ್ತ್ರಿ ರೇಗಿದ. ಕಾರಣ ಹೇಳಿ, ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದಾಗ ಅವನೇ ಮೊದಲು ಆಸ್ಪತ್ರೆಗೆ ಹೊರಟ. ಅರ್ಧಕ್ಕರ್ಧ ಜನ ಬೇರೆ ಕೆಲಸ ಹುಡುಕಿಕೊಂಡು ಹೋದರು.

ನಾದಿನಿಗೆ ಹೇಳುವುದೇ ಕಷ್ಟವಾಯಿತು.

"ಅಪ್ಪನಿಗೆ ಗೊತ್ತಿತ್ತಾ ಅತ್ತಿಗೆ?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. "ಗೊತ್ತಿತ್ತು."

"ಅಣ್ಣನಿಗೆ?"

"ಹೂಂ."

ನಾದಿನಿ ಅಳಲಿಲ್ಲ. ಜೋತ ಕೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕೇಳಿದಳು: "ಮಾರಿರೋದೆಲ್ಲ? ಅದರಲ್ಲಿ ಮಕ್ಕಳು ಉಣ್ತಾ ಇರ್ತಾರಲ್ಲ?"

ಅತ್ತಿಗೆಗೆ ಅದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಹಳದಿ ತಟ್ಟೆಯಲ್ಲಿ ಉಣ್ಣಬೇಡಿ, ತಂದುಕೊಟ್ಟರೆ ಬದಲಿಗೆ ಬಿಳಿಯದು ಕೊಡುತ್ತೇವೆ ಎಂದು ಬಾಗಿಲಿಗೆ ಫಲಕ ಹಾಕಿಸಿದರು. ಕೆಲವರು ಬೈಯುತ್ತ ತಂದರು, ಹಲವರು ಬರಲೇ ಇಲ್ಲ. ಬಂದದ್ದನ್ನು ನಾದಿನಿ ಎಡಗೈಯಿಂದ ಜೋಡಿಸುತ್ತಿದ್ದಳು.

ಒಂದು ಸಂಜೆ ಒಬ್ಬ ಹೆಂಗಸು ಚೀಲದಿಂದ ತಟ್ಟೆ ತೆಗೆದು, ಬಿಳಿಯದರ ಪಕ್ಕ ಹಿಡಿದು ನೋಡಿದಳು.

"ನಮ್ಮಮ್ಮ ಕೊಟ್ಟಿದ್ದು. ಎಷ್ಟು ಚೆನ್ನಾಗಿದೆ! ಇದರಲ್ಲಿ ಏನಾಗುತ್ತೆ?"

ನಾದಿನಿ ತನ್ನ ಬಲಗೈಯನ್ನು ಎತ್ತಿ ತೋರಿಸಿದಳು. ಹೆಂಗಸು ಅದನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಹಳದಿಯದನ್ನೇ ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟೇಹೋದಳು.